ಹಸಿ ಮಾಲು

ನಮ್ಮ ಪ್ರೆಸ್ ಸಿಡಿದ ದಿನ ನಾನು ಪೀಣ್ಯಕ್ಕೆ ಫೋನು ಮಾಡಿ ಕೂಗಾಡಿದೆ. ಅಲ್ಲಿಂದಲೇ ಶುರು ಮಾಡಬೇಕು, ಏಕೆಂದರೆ ಮುಂದೆ ಆದದ್ದಕ್ಕೆಲ್ಲ ಆ ಕೂಗಾಟವೇ ಕಾರಣ. ಇದನ್ನು ಒಪ್ಪಿಕೊಳ್ಳಲು ನನಗೆ ಹಲವು ವಾರ ಹಿಡಿಯಿತು. ನಮ್ಮ ಮುಖ್ಯಸ್ಥರು ಇವತ್ತಿಗೂ ಒಪ್ಪಿಲ್ಲ.

ಪ್ರೆಸ್ ಅಂದರೆ ಪೇಪರು ಅಚ್ಚು ಹಾಕುವುದಲ್ಲ. ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಪ್ರಯೋಗಾಲಯದ ನೆಲಮಹಡಿಯಲ್ಲಿ ಎರಡಾಳು ಎತ್ತರದ ಒಂದು ಯಂತ್ರವಿದೆ. ಅದರೊಳಗೆ ಉಕ್ಕಿಗಿಂತ ಗಟ್ಟಿಯಾದ ಎಂಟು ಘನಗಳು ಎಂಟು ಕಡೆಯಿಂದ ಒಂದು ಪುಟ್ಟ ಚೂರನ್ನು ಅಮುಕುತ್ತವೆ. ನೆಲದ ಕೆಳಗೆ ನೂರಾರು ಕಿಲೋಮೀಟರು ಆಳದಲ್ಲಿ ಕಲ್ಲು ಎಂಥ ಒತ್ತಡದಲ್ಲಿ ಕೂತಿದೆಯೋ ಅಂಥದ್ದನ್ನು ನಾವು ಹೊಸೂರು ರಸ್ತೆಯ ಪಕ್ಕದಲ್ಲಿ ಕೂತು ಕೊಡುತ್ತೇವೆ. ಚೂರು ನೇರವಾಗಿ ಘನಗಳಿಗೆ ತಗಲಬಾರದು. ಹಾಗಾಗಿ ಅದನ್ನು ಮೆಗ್ನೀಷಿಯಾ ಎಂಬ ಬಿಳಿ ಸೆರಾಮಿಕ್ಕಿನ ಎಂಟು ಮುಖದ ಗೂಡೊಂದರಲ್ಲಿ ಇಡುತ್ತೇವೆ. ಗೂಡುಗಳನ್ನು ಮಾಡಿಕೊಡುವುದು ಪೀಣ್ಯದ ಒಂದು ಸಣ್ಣ ವರ್ಕ್‌ಶಾಪು. ಗೂಡು ತೇವ ಹೀರಿಕೊಂಡಿದ್ದರೆ, ಒತ್ತಡದಲ್ಲಿಟ್ಟು ಕಾಯಿಸಿದಾಗ ಆ ತೇವ ಆವಿಯಾಗಿ ಹೊರನುಗ್ಗುತ್ತದೆ. ಅವತ್ತು ಅದೇ ಆಯಿತು. ಕಿಟಕಿ ಗಾಜು ಅದುರಿತು, ಮೂರು ಘನಗಳು ಪುಡಿಯಾದವು, ಹತ್ತು ದಿನದ ಕೆಲಸ ಮಣ್ಣುಪಾಲಾಯಿತು.

ನಾನು ಪುಡಿ ಗುಡಿಸುವುದಕ್ಕೂ ಮೊದಲು ಫೋನು ಎತ್ತಿಕೊಂಡೆ. ವರ್ಕ್‌ಶಾಪಿನ ಮಾಲೀಕರು ಹೊರಗೆ ಹೋಗಿದ್ದರು. ಫೋನು ಎತ್ತಿದ್ದು ಅಲ್ಲಿ ಲ್ಯಾಪಿಂಗ್ ಮಾಡುವ ಅಕ್ಕ. ಲ್ಯಾಪಿಂಗ್ ಎಂದರೆ ತಿರುಗುವ ಚಪ್ಪಟೆ ತಟ್ಟೆಯ ಮೇಲೆ ವಜ್ರದ ಪುಡಿ ಹಚ್ಚಿ, ತುಂಡಿನ ಮುಖವನ್ನು ಕನ್ನಡಿಯ ಹಾಗೆ ಸಮ ಮಾಡುವ ಕೆಲಸ. ಅವರು ಕೊಪ್ಪಳದ ಕಡೆಯವರು, ಆ ಮೆಷಿನ್ನಿನ ಮೇಲೆ ಒಂಬತ್ತು ವರ್ಷದಿಂದ ಇದ್ದಾರೆ.

"ನೋಡಿ ಅಕ್ಕ," ಅಂದೆ, "ಇನ್ಮೇಲೆ ಹಸಿ ಇರೋದು ಒಂದೂ ನನ್ನ ಲ್ಯಾಬಿಗೆ ಬರ್ಕೂಡ್ದು. ಚಿಕ್ಕದೋ ದೊಡ್ಡದೋ, ಯಾವ ಜಾಬೇ ಆಗ್ಲಿ. ಹಸಿ ಮಾಲು ಬಂತು ಅಂದ್ರೆ ನಿಮ್ಮ ಕಡೆ ಕೆಲಸಾನೇ ನಿಲ್ಲಿಸ್ಬಿಡ್ತೀನಿ."

"ಆತ್ರಿ ಮೇಡಂ," ಅಂದರು. "ಚಿಕ್ಕದು, ದೊಡ್ಡದು, ಯಾವುದೂ ಹಸಿ ಮಾಲು ಕಳಸೂದಿಲ್ಲ."

ನಾನು ಹೇಳಿದ್ದನ್ನು ಅಕ್ಷರಕ್ಕೆ ಅಕ್ಷರ ತಿರುಗಿ ಹೇಳಿದರು. ಸದ್ಯ ಅರ್ಥವಾಯಿತಲ್ಲ ಎಂದು ಫೋನು ಇಟ್ಟೆ.

ನಾವು ಅಳೆಯಲು ಹೊರಟಿದ್ದ ವಸ್ತುವಿನ ಬಗ್ಗೆ ನಾಲ್ಕು ಮಾತು ಹೇಳಬೇಕು. ಸಮುದ್ರದ ತಳದ ಬಂಡೆ ನಿಧಾನವಾಗಿ ಜಾರಿ ಭೂಮಿಯೊಳಗೆ ಇಳಿಯುತ್ತಿರುತ್ತದೆ. ಇಳಿಯುವಾಗ ನೀರನ್ನೂ ಕರೆದೊಯ್ಯುತ್ತದೆ. ಅದು ಹನಿ ನೀರಲ್ಲ. ಖನಿಜದ ಹರಳಿನೊಳಗೆ ಜಲಜನಕ, ಆಮ್ಲಜನಕ ಅಣುವಣುವಾಗಿ ಜಾಗ ಹಿಡಿದು ಕೂತಿರುತ್ತವೆ. ಮುಟ್ಟಿದರೆ ಒಣಕಲ್ಲು, ಒಳಗೆ ಮಾತ್ರ ನೀರಿನ ಸರಕು. ಅಂಥ ಖನಿಜದಲ್ಲಿ ಕಬ್ಬಿಣವೂ ಸೇರಿದ್ದರೆ ಅದರ ಸ್ವಭಾವ ಇನ್ನೂ ವಿಚಿತ್ರ, ಏಕೆಂದರೆ ಆಳದ ಒತ್ತಡದಲ್ಲಿ ಕಬ್ಬಿಣದ ಎಲೆಕ್ಟ್ರಾನುಗಳು ಕೂತ ಭಂಗಿ ಬದಲಿಸುತ್ತವೆ, ಆಗ ಕಲ್ಲು ಸ್ವಲ್ಪ ಹೊತ್ತು ಮೆತ್ತಗಾಗಿ ಆಮೇಲೆ ಬಿಗಿಯುತ್ತದೆ. ಭೂಕಂಪದ ಅಲೆಗಳು ಆಳದ ಕೆಲವು ಜಾಗಗಳಲ್ಲಿ ಯಾಕೋ ನಿಧಾನವಾಗುತ್ತವೆ. ಅದು ನೀರಿನಿಂದಲೋ ಕಬ್ಬಿಣದಿಂದಲೋ ಹೇಳಬೇಕಾದರೆ, ಎರಡೂ ಇರುವ ಕಲ್ಲು ಅಮುಕಿದರೆ ಎಷ್ಟು ಕುಗ್ಗುತ್ತದೆ, ತಿರುಚಿದರೆ ಎಷ್ಟು ಮಣಿಯುತ್ತದೆ ಎಂಬ ಎಲಾಸ್ಟಿಕ್ ಗುಣ ಗೊತ್ತಿರಬೇಕು.

ಅದನ್ನು ಅಳೆಯುವ ದಾರಿ ಹೇಳಲು ಸುಲಭ. ಚೂರಿನ ಒಂದು ತುದಿಯಿಂದ ಶಬ್ದ ಕಳಿಸಿ, ಇನ್ನೊಂದು ತುದಿಗೆ ಬಡಿದು ವಾಪಸು ಬರುವ ಪ್ರತಿಧ್ವನಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ನೋಡುವುದು. ಉದ್ದ ಗೊತ್ತು, ಹೊತ್ತು ಗೊತ್ತು, ವೇಗ ಸಿಕ್ಕಿತು. ವೇಗ ಸಿಕ್ಕರೆ ಬಿಗಿ ಸಿಕ್ಕಿತು. ಆದರೆ ಎರಡು ತುದಿಗಳೂ ಕಟ್ಟುನಿಟ್ಟಾಗಿ ಸಮಾನಾಂತರ ಇರಬೇಕು. ಒಂದು ಕಡೆ ಕೂದಲೆಳೆಯ ಒಂದು ಭಾಗದಷ್ಟು ಓರೆಯಾದರೂ ಪ್ರತಿಧ್ವನಿಗಳು ಒಂದಕ್ಕೊಂದು ಕಚ್ಚಾಡಿ ಕಲಸಿಹೋಗುತ್ತವೆ.

ನಾಲ್ಕು ತಿಂಗಳು ಹೆಣಗಿ ನಾನು ಅಂಥ ಮೂರು ಚೂರು ಮಾಡಿದ್ದೆ. ಅಲ್ಯೂಮಿನಿಯಂ, ಕಬ್ಬಿಣ, ನೀರು ಸೇರಿದ ಖನಿಜ, ಗಾಢ ಕಂದು ಬಣ್ಣ, ಒಂದೊಂದೂ ಜೋಳದ ಕಾಳಿಗಿಂತ ಚಿಕ್ಕದು. ತುದಿ ಸಮ ಮಾಡಲು ನಮ್ಮಲ್ಲಿರುವ ಮೆಷಿನ್ನು ಲಾಯಕ್ಕಿಲ್ಲ. ಹಾಗಾಗಿ ಮೊದಲನೆಯ ಚೂರನ್ನು ಪೀಣ್ಯಕ್ಕೆ, ಆ ಅಕ್ಕನ ಕೈಗೇ ಕೊಡಬೇಕೆಂದು ಹೇಳಿ ಕಳಿಸಿದೆ. ಜೊತೆಗೆ ಒಂದು ಡ್ರಾಯಿಂಗು. ವಸ್ತು ಯಾವುದು ಎಂಬ ಜಾಗದಲ್ಲಿ ಹೆಸರು ಬರೆಯಲು ಹೋದಾಗ ನಮ್ಮ ಮುಖ್ಯಸ್ಥರು ತಡೆದರು.

"ಕೋಡ್ ನಂಬರ್ ಸಾಕು," ಅಂದರು. "ಕಾಂಪೌಂಡ್ ಹೆಸರು ಹಾಕ್ಬೇಡಿ. ಪೀಣ್ಯದಲ್ಲಿ ಯಾರ್ಯಾರ ಕೈಗೆ ಹೋಗುತ್ತೋ."

ಪೀಣ್ಯದಲ್ಲಿ ಯಾವ ಗೂಢಚಾರ ನಮ್ಮ ಖನಿಜಕ್ಕಾಗಿ ಕಾದು ಕೂತಿದ್ದಾನೋ ನನಗೆ ತಿಳಿಯಲಿಲ್ಲ. ಆದರೂ ಬಾಯಿ ಮುಚ್ಚಿಕೊಂಡು ಕೋಡ್ ಹಾಕಿದೆ.

ನಾಲ್ಕನೆಯ ದಿನ ಚೂರು ಬಂತು. ತುದಿಗಳು ಅಷ್ಟು ಚೆನ್ನಾಗಿದ್ದವು, ಗಾಜಿನ ಮೇಲಿಟ್ಟು ನೋಡಿ ಖುಷಿಯಾಯಿತು. ಬಣ್ಣ ಮಾತ್ರ ಸ್ವಲ್ಪ ಕೆಂಪಗೆ ಕಂಡಿತು. ಉಜ್ಜಿದ್ದಕ್ಕೆ ಒಳಬಣ್ಣ ಬಂದಿದೆ ಎಂದುಕೊಂಡೆ. ವಾಪಸು ಬಂದ ಚೂರನ್ನು ಮತ್ತೆ ತೂಗಬೇಕು ಎನ್ನುವುದು ನಾನೇ ಮಾಡಿದ ನಿಯಮ. ಅವತ್ತು ತೂಗಲಿಲ್ಲ. ಪ್ರೆಸ್ಸಿಗೆ ಹೊಸ ಘನಗಳು ಬಂದಿದ್ದವು, ಮುಖ್ಯಸ್ಥರು ಎರಡು ಸಲ ಬಾಗಿಲಲ್ಲಿ ಇಣುಕಿ "ಆಯ್ತಾ?" ಅಂದಿದ್ದರು. ಡಬ್ಬಿಯಲ್ಲಿ ಹತ್ತಿಯ ಜೊತೆ ಮಡಿಸಿದ ಒಂದು ಹಳದಿ ಕಾಗದವೂ ಇತ್ತು. ವರ್ಕ್‌ಶಾಪಿನ ಬಿಲ್ಲೋ ಏನೋ ಎಂದು ಹತ್ತಿಯ ಜೊತೆಗೇ ಬಿಸಾಡಿದೆ.

ಅಳತೆ ಎರಡು ದಿನ ನಡೆಯಿತು. ಒತ್ತಡವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ, ಪ್ರತಿ ಮೆಟ್ಟಿಲಲ್ಲೂ ಪ್ರತಿಧ್ವನಿ ಕೇಳುವುದು. ಮೊದಲ ಮೆಟ್ಟಿಲಲ್ಲೇ ಏನೋ ಸರಿಯಿಲ್ಲ ಅನ್ನಿಸಿತು. ಪ್ರತಿಧ್ವನಿ ಕ್ಷೀಣವಾಗಿತ್ತು. ವೇಗ ನಾನು ಎಣಿಸಿದ್ದಕ್ಕಿಂತ ತೀರ ಕಡಿಮೆ. ಒತ್ತಡ ಏರಿದಂತೆ ಅದು ದಡಬಡನೆ ಮೇಲೇರಿತು. ಗಟ್ಟಿ ಹರಳಿನ ವೇಗ ಹಾಗೆ ಏರುವುದಿಲ್ಲ, ಸಮಾಧಾನವಾಗಿ ಏರುತ್ತದೆ.

ಮುಖ್ಯಸ್ಥರು ಪರದೆಯ ಮುಂದೆ ನಿಂತು ಬಹಳ ಹೊತ್ತು ನೋಡಿದರು. ನಂತರ ನನ್ನ ಬೆನ್ನು ತಟ್ಟಿದರು. "ಇದೇ ನಮಗೆ ಬೇಕಾಗಿದ್ದು. ಇಷ್ಟು ಸ್ಲೋ ಅಂತ ಯಾರೂ ತೋರಿಸಿಲ್ಲ. ಆಳದಲ್ಲಿ ಅಲೆ ಯಾಕೆ ನಿಧಾನ ಅನ್ನೋದಕ್ಕೆ ಉತ್ತರ ಸಿಕ್ಕಿಬಿಡ್ತು. ನೀರು."

"ಸರ್, ಪ್ರತಿಧ್ವನಿ ತುಂಬ ವೀಕ್ ಇದೆ. ಒಂದ್ಸಲ ಚೂರನ್ನ ಹೊರಗೆ ತೆಗೆದು ನೋಡೋಣ."

"ನೋಡಿ, ನೋಡಿ. ಅಷ್ಟರಲ್ಲಿ ನಾನು ಸಾರಾಂಶ ಬರೆಯೋಕೆ ಶುರು ಮಾಡ್ತೀನಿ." ವಿದೇಶದ ಸಭೆಯೊಂದಕ್ಕೆ ಕಳಿಸಲು ಅವರಿಗೆ ಒಂದು ಫಲಿತಾಂಶ ತುರ್ತಾಗಿ ಬೇಕಿತ್ತು. ಅದು ಸಿಕ್ಕಿದ ಮೇಲೆ ಚೂರಿನ ಕಡೆಗೆ ಅವರ ಗಮನವೇ ಇರಲಿಲ್ಲ.

ಚೂರನ್ನು ಹೊರತೆಗೆದೆ. ಒತ್ತಡ ಇಳಿಸಿದ ಮೇಲೆ ಅದು ಹೆಚ್ಚುಕಡಿಮೆ ಮೊದಲಿನ ಉದ್ದಕ್ಕೆ ಮರಳಬೇಕಿತ್ತು. ಮರಳಿರಲಿಲ್ಲ. ಕುಗ್ಗಿದ್ದು ಕುಗ್ಗಿಯೇ ಉಳಿದಿತ್ತು. ಅಂದರೆ ಒಳಗೆ ಸಣ್ಣ ಸಣ್ಣ ಪೊಳ್ಳುಗಳಿದ್ದವು, ಅವು ಅಮುಕಿ ಮುಚ್ಚಿಕೊಂಡಿದ್ದವು. ತೂಗಿದೆ. ಪೀಣ್ಯಕ್ಕೆ ಕಳಿಸುವ ಮುಂಚಿನ ತೂಕದಿಂದ, ಉಜ್ಜಿದಾಗ ಕಡಿಮೆಯಾದ ಉದ್ದದ ಲೆಕ್ಕ ಕಳೆದರೂ, ಕಣ್ಣಿಗೆ ರಾಚುವಷ್ಟು ಕಮ್ಮಿ. ಎಕ್ಸ್-ರೇ ಕಿರಣ ಹಾಯಿಸಿ ನೋಡಿದೆ. ನನ್ನ ಖನಿಜದ ಗೆರೆಗಳ ಪಕ್ಕದಲ್ಲಿ ಹೆಮಟೈಟಿನ ಗೆರೆಗಳು ಎದ್ದು ನಿಂತಿದ್ದವು. ಹೆಮಟೈಟ್ ಅಂದರೆ ಕೆಮ್ಮಣ್ಣಿಗೆ ಕೆಂಪು ಕೊಡುವ ಕಬ್ಬಿಣದ ಖನಿಜ, ಅದರಲ್ಲಿ ನೀರಿಲ್ಲ. ನನ್ನ ಚೂರನ್ನು ಯಾರೋ ಚೆನ್ನಾಗಿ ಕಾಯಿಸಿದ್ದರು. ನೀರು ಹೊರಟುಹೋಗಿತ್ತು, ಹೋದ ಜಾಗದಲ್ಲಿ ಪೊಳ್ಳು ಉಳಿದಿತ್ತು. ನೀರಿನಿಂದ ಅಲೆ ನಿಧಾನವಾಯಿತು ಎಂದು ನಾವು ಲೋಕಕ್ಕೆ ಸಾರಲು ಹೊರಟಿದ್ದೆವು. ನಮ್ಮ ಅಲೆ ನಿಧಾನವಾದದ್ದು ನೀರು ಹೋಗಿದ್ದರಿಂದ.

ಕಾಗದ ಹಿಡಿದು ಮುಖ್ಯಸ್ಥರ ಕೋಣೆಗೆ ಹೋದೆ. ಅವರು ಎಕ್ಸ್-ರೇ ಗೆರೆಗಳನ್ನು ನೋಡಿ, ಬರೆಯುತ್ತಿದ್ದ ಸಾರಾಂಶ ಮುಚ್ಚಿದರು. ಮುಖ ಕಪ್ಪಿಟ್ಟಿತು. ಅದಕ್ಕೆ ನಾನು ಅವರನ್ನು ದೂರುವುದಿಲ್ಲ, ನನ್ನದೂ ಕಪ್ಪಿಟ್ಟಿತ್ತು. ಎರಡು ನಿಮಿಷದಲ್ಲಿ ಅವರು ಪೀಣ್ಯದ ಮಾಲೀಕರಿಗೆ ಮೇಲ್ ಬರೆಯಲು ಕೂತರು. ನಿಮ್ಮ ಕೆಲಸಗಾರರ ಘೋರ ನಿರ್ಲಕ್ಷ್ಯ, ಅಮೂಲ್ಯ ಮಾದರಿ ನಾಶ, ಸಂಬಂಧಪಟ್ಟವರ ಮೇಲೆ ಕ್ರಮ ಆಗದಿದ್ದರೆ ನಮ್ಮ ಎಲ್ಲ ಕೆಲಸ ವಾಪಸು, ಹೀಗೆ. "ಘೋರ" ಎಂಬುದು ನನ್ನ ಸಲಹೆ. ಅದನ್ನು ಇಲ್ಲಿ ಬರೆಯದೆ ಬಿಟ್ಟರೆ ನಾನೂ ಅವರ ಜಾತಿಗೇ ಸೇರುತ್ತೇನೆ.

ಎರಡನೆಯ ಚೂರನ್ನು ಕಳಿಸುವಾಗ ಡ್ರಾಯಿಂಗಿನ ಮೇಲೆ ದಪ್ಪ ಅಕ್ಷರದಲ್ಲಿ "ಯಾವ ಕಾರಣಕ್ಕೂ ಕಾಯಿಸಬಾರದು" ಎಂದು ಬರೆದೆ. ಕಾಯಿಸಲಿಲ್ಲ. ಬಣ್ಣ ಸರಿಯಿತ್ತು, ತೂಕ ಸರಿಯಿತ್ತು. ತುದಿಗಳು ಮಾತ್ರ ಓರೆ. ಬೆಂಚಿನ ಮೇಲೆ ಶಬ್ದ ಕಳಿಸಿ ನೋಡಿದರೆ ಒಂದು ಪ್ರತಿಧ್ವನಿಯೂ ನೆಟ್ಟಗೆ ಬರಲಿಲ್ಲ. ಮತ್ತೆ ಉಜ್ಜಿಸೋಣವೆಂದರೆ ಉದ್ದವೇ ಉಳಿದಿರಲಿಲ್ಲ, ಅಷ್ಟು ತೆಗೆದುಬಿಟ್ಟಿದ್ದರು. ನಾಲ್ಕು ತಿಂಗಳ ಕೆಲಸದಲ್ಲಿ ಈಗ ಒಂದೇ ಚೂರು ಬಾಕಿ.

ತಲೆ ಕೆಟ್ಟುಹೋಯಿತು. ಮರುದಿನ ಬೆಳಿಗ್ಗೆ ಹೆಬ್ಬಗೋಡಿಯಲ್ಲಿ ಮೆಟ್ರೋ ಹತ್ತಿ, ಆರ್.ವಿ. ರಸ್ತೆಯಲ್ಲಿ ಇಳಿದು ಇನ್ನೊಂದನ್ನು ಹಿಡಿದು, ಪೀಣ್ಯದವರೆಗೂ ನಿಂತುಕೊಂಡೇ ಹೋದೆ. ದಾರಿಯುದ್ದಕ್ಕೂ ಮಾಲೀಕರಿಗೆ ಏನೇನು ಬಯ್ಯಬೇಕು ಎಂದು ಜೋಡಿಸಿಕೊಂಡೆ. ವರ್ಕ್‌ಶಾಪಿನ ಕಬ್ಬಿಣದ ಗೇಟು ದಾಟುವ ಹೊತ್ತಿಗೆ ಭಾಷಣ ಸಿದ್ಧವಾಗಿತ್ತು.

ಮಾಲೀಕರು ಅದೇ ಪೀಣ್ಯ ಹಳ್ಳಿಯವರು, ಅಪ್ಪನ ಹೊಲವಿದ್ದ ಜಾಗದಲ್ಲಿ ಶೆಡ್ಡು ಹಾಕಿದವರು. ನನ್ನ ಭಾಷಣ ಅರ್ಧಕ್ಕೆ ಬರುವವರೆಗೆ ಸುಮ್ಮನೆ ಕೇಳಿದರು.

"ಮುಗೀತಾ ಮೇಡಂ? ಈಗ ನಾನೊಂದು ಮಾತು ಕೇಳ್ತೀನಿ. ನಿಮ್ಮ ಸಾಹೇಬ್ರು ಮೇಲ್ ಕಳಿಸಿದ್ರಲ್ಲ, ಕ್ರಮ ತಗೊಳ್ಳಿ ಅಂತ? ತಗೊಂಡೆ. ಆಯಮ್ಮನ್ನ ಮಿಷನ್ನಿಂದ ಎತ್ತಿದೀನಿ. ಪ್ಯಾಕಿಂಗಲ್ಲಿದಾರೆ, ಈ ತಿಂಗಳು ಮುಗಿದ್ ಮೇಲೆ ಬರ್ಬೇಡಿ ಅಂದಿದೀನಿ. ಇನ್ನೊಬ್ರು ಲ್ಯಾಪ್ ಮಾಡಿದ್ರು. ಅದೂ ಸರಿಯಿಲ್ಲ ಅಂದ್ರೆ ನಾನೇನ್ ಮಾಡ್ಲಿ ಹೇಳಿ."

ಭಾಷಣದ ಉಳಿದರ್ಧವನ್ನು ಅಲ್ಲೇ ಬಿಟ್ಟೆ. ಅಕ್ಕನನ್ನು ನೋಡಬೇಕು ಅಂದೆ. ಹಿಂದುಗಡೆ ಇದಾರೆ, ಹೋಗಿ ಎಂದು ಕೈ ತೋರಿಸಿದರು.

ಅಕ್ಕ ರಟ್ಟಿನ ಪೆಟ್ಟಿಗೆಗಳ ಮಧ್ಯೆ ಸ್ಟೂಲಿನ ಮೇಲೆ ಕೂತು, ಯಂತ್ರಗಳಿಗೆ ಹಾಕುವ ಸೆರಾಮಿಕ್ ಬಳೆಗಳಿಗೆ ಕಾಗದ ಸುತ್ತುತ್ತಿದ್ದರು. ನನ್ನನ್ನು ನೋಡಿ ಏಳಲಿಲ್ಲ.

"ಅಕ್ಕ, ಆ ಚೂರನ್ನ ಯಾಕೆ ಕಾಯಿಸಿದ್ರಿ?" ಅಂದೆ. ದನಿ ಏರಿತ್ತು.

"ನೀವ ಹೇಳೀರಿ," ಅಂದರು.

"ನಾನು ಯಾವಾಗ ಹೇಳ್ದೆ?"

"ಫೋನಿನ್ಯಾಗ ಒದರ್ಯಾಡಿದ್ರಲ್ರಿ. ಚಿಕ್ಕದಿರ್ಲಿ ದೊಡ್ಡದಿರ್ಲಿ, ಹಸಿ ಮಾಲು ಕಳಸಬ್ಯಾಡ್ರಿ ಅಂತ. ಅದು ಹಸಿ ಇತ್ತು. ಸುಟ್ಟು ಕಳಸೇನಿ."

"ಅದು ಹಸಿ ಇರ್ಲಿಲ್ಲ, ಒಣಗೇ ಇತ್ತು. ಹಸಿ ಅಂದ್ರೆ ನಾನು ಹೇಳಿದ್ದು ತೇವ. ಒದ್ದೆ."

ಅವರು ಸುತ್ತುತ್ತಿದ್ದ ಬಳೆಯನ್ನು ಕೆಳಗಿಟ್ಟರು. "ತೇವ ಅನ್ನಬೇಕಿತ್ತಲ್ರಿ ಹಂಗಾರ. ತೊಯ್ದೈತಿ ಅನ್ನಬೇಕಿತ್ತು. ನಮ್ಮ ಅಂಗಡ್ಯಾಗ ಹಸಿ ಮಾಲು ಅಂದ್ರ ಸುಡಲಾರದ ಮಾಲು. ಇಲ್ಲಿ ಯಾರನ್ನ ಬೇಕಾದ್ರೂ ಕೇಳ್ರಿ. ನಮ್ಮೂರಾಗ ನಮ್ಮಪ್ಪ ಇಟ್ಟಂಗಿ ಹೊಡೀತಿದ್ದ. ಬಿಸಲಾಗ ಒಂದು ತಿಂಗಳು ಒಣಗಿ ಕಲ್ಲಾಗಿದ್ರೂ ಅದಕ್ಕ ಹಸಿ ಇಟ್ಟಂಗಿನ ಅಂತೀವಿ. ಬೆಂಕಿ ಕಾಣೂತನ ಅದು ಹಸೀನ. ನಿಮ್ಮ ಮಾಲಿನ ಬಣ್ಣ ನೋಡಿದ್ರ ಅದು ಬೆಂಕಿ ಕಂಡಿದ್ದಿಲ್ಲ."

ನಾನು ಅಲ್ಲಿದ್ದ ಒಂದು ಪೆಟ್ಟಿಗೆಯ ಮೇಲೆ ಕೂತೆ. ಹಸಿ ಮಡಕೆ, ಹಸಿ ಇಟ್ಟಿಗೆ. ನನಗೂ ಗೊತ್ತಿರುವ ಮಾತೇ, ಚಿಕ್ಕಂದಿನಿಂದ ಕೇಳಿದ ಮಾತೇ. ಸೆರಾಮಿಕ್ ಸುಡುವ ಅಂಗಡಿಗೆ ಫೋನು ಮಾಡಿ, ಆ ಅಂಗಡಿಯಲ್ಲಿ ದಿನಕ್ಕೆ ನೂರು ಸಲ ಆಡುವ ಮಾತನ್ನೇ ಆಡಿ, ನನ್ನ ಅರ್ಥವನ್ನು ಅವರು ಊಹಿಸಿಕೊಳ್ಳಲಿ ಎಂದು ಕಾದಿದ್ದೆ. ಸಾಲದ್ದಕ್ಕೆ "ಯಾವ ಜಾಬೇ ಆಗ್ಲಿ" ಎಂದು ಸೇರಿಸಿದ್ದೆ.

"ಸುಟ್ಟರ ಒಡೀತೈತೇನೋ ಅಂತ ನನಗೂ ಅಂಜಿಕಿ ಇತ್ತು," ಅಕ್ಕ ಮುಂದುವರಿಸಿದರು. "ಸಣ್ಣ ಮಾಲು. ಸಾವಿರ ಡಿಗ್ರಿಗೆ ಹಾಕಲಿಲ್ಲ. ನಾನೂರಕ್ಕ ಇಟ್ಟು ಒಂದು ತಾಸು, ಹದ ನೋಡಿ ತೆಗದೆ. ಕೆಂಪಗಾತು. ಅದನ್ನೂ ಬರದೇನಿ. ಕಾರ್ಡು ನೋಡಲಿಲ್ಲೇನು ನೀವು?"

ಎದ್ದು ಹೋಗಿ ಕಪಾಟಿನಿಂದ ಒಂದು ಪುಸ್ತಕ ತಂದರು. ಪ್ರತಿ ಜಾಬಿಗೂ ಅವರು ಒಂದು ಕಾರ್ಡು ಬರೆಯುತ್ತಾರೆ. ಹಳದಿ ಪ್ರತಿ ಗಿರಾಕಿಗೆ, ಕಾರ್ಬನ್ ಪ್ರತಿ ಪುಸ್ತಕದಲ್ಲಿ. ನನ್ನ ಕೋಡ್ ನಂಬರಿನ ಕೆಳಗೆ ದುಂಡನೆಯ ಕನ್ನಡದಲ್ಲಿ ಬರೆದಿತ್ತು: "ಮಾಲು ಹಸಿ ಇತ್ತು. ಮೇಡಂ ಹೇಳಿದ ಪ್ರಕಾರ ಸುಟ್ಟಿದೆ. 400. ಬಣ್ಣ ಕೆಂಪಾಗಿದೆ. ನೋಡಿಕೊಳ್ಳಿ."

ನೋಡಿಕೊಳ್ಳಿ ಎಂದು ಬರೆದಿದ್ದರು. ನಾನು ಹತ್ತಿಯ ಜೊತೆ ಬಿಸಾಡಿದ್ದು ಅದನ್ನೇ. ಆ ಪುಟದ ಫೋಟೋ ತೆಗೆದುಕೊಂಡೆ. ಅವರ ಮುಖ ನೋಡಲು ಆಗಲಿಲ್ಲ.

"ಅಕ್ಕ, ನಾನು ನಮ್ಮ ಸಾಹೇಬ್ರಿಗೆ ಹೇಳ್ತೀನಿ."

"ಹೇಳೂದು ಸಾಕ್ರಿ," ಅಂದರು. "ಹೇಳಿದ್ದಕ್ಕ ಇಷ್ಟಾತು. ನನಗ ಬರದು ಕೊಡ್ರಿ. ಇಲ್ಲಿಂದ ಹೊರಬಿದ್ರ ಮುಂದಿನ ಅಂಗಡ್ಯಾಗ ಕೇಳ್ತಾರ, ಯಾಕ ಬಿಟ್ರಿ ಅಂತ. ಮಾಲು ಕೆಡಿಸ್ಯಾಳ ಅಂತ ಪೀಣ್ಯದಾಗ ಒಬ್ಬರಿಗೆ ಗೊತ್ತಾದ್ರ ಎಲ್ಲಾರಿಗೂ ಗೊತ್ತಾದಂಗ. ಆಮ್ಯಾಲೆ ನನಗ ಮೆಷಿನ್ ಯಾರು ಕೊಡ್ತಾರ? ಇಲ್ಲೇ ಕಾಗದ ಸುತ್ತಕೋತ ಕುಂದರಬೇಕು. ಅದೂ ಈ ತಿಂಗಳಷ್ಟ."

ವಾಪಸು ಬರುವಾಗ ಮೆಟ್ರೋದಲ್ಲಿ ಕೂರಲು ಜಾಗ ಸಿಕ್ಕಿತು. ಸಿಟ್ಟು ಎಲ್ಲಿ ಹಾಕಬೇಕೋ ತಿಳಿಯಲಿಲ್ಲ. ಬೆಳಿಗ್ಗೆ ಹೋಗುವಾಗ ಅದಕ್ಕೆ ಒಂದು ವಿಳಾಸವಿತ್ತು. ಈಗ ನನ್ನ ತೊಡೆಯ ಮೇಲೇ ಕೂತಿತ್ತು.

ಮುಖ್ಯಸ್ಥರಿಗೆ ಎಲ್ಲ ಹೇಳಿದೆ, ಫೋಟೋ ತೋರಿಸಿದೆ. ಅವರು ಕನ್ನಡ ಓದಬಲ್ಲರು, ಓದಿದರು. ನಕ್ಕರು ಕೂಡ.

"ಲ್ಯಾಂಗ್ವೇಜ್ ಇಶ್ಯೂ," ಅಂದರು. "ಒಳ್ಳೆ ಕಥೆ. ಆದ್ರೆ ರಿಪೋರ್ಟಲ್ಲಿ ಇದೆಲ್ಲ ಯಾಕೆ? ವೆಂಡರ್ ಎರರ್ ಅಂತ ಹಾಕಿ, ಮುಗಿಸಿ."

"ವೆಂಡರ್ ತಪ್ಪು ಮಾಡಿಲ್ಲ ಸರ್. ನಾನು ತಪ್ಪು ಮಾತು ಆಡಿದೆ. ಕಾರ್ಡು ಓದಲಿಲ್ಲ. ತೂಕ ನೋಡಲಿಲ್ಲ. ಡ್ರಾಯಿಂಗಲ್ಲಿ ಹೆಸರು ಹಾಕೋದು ಬೇಡ ಅಂತ ನೀವು ಹೇಳಿದ್ರಿ. ಹೆಸರು ಇದ್ದಿದ್ರೆ ಆಕೆ ಒಂದು ಮಾತು ಕೇಳ್ತಿದ್ರೋ ಏನೋ."

ನನ್ನ ಹೆಸರಷ್ಟೇ ಬರುತ್ತಿದ್ದ ತನಕ ನಗುತ್ತಿದ್ದವರು ತಮ್ಮ ಹೆಸರು ಬಂದ ತಕ್ಷಣ ನಗು ನಿಲ್ಲಿಸಿದರು. "ನೋಡಿ, ನಿಮ್ಮ ಕಾಂಟ್ರಾಕ್ಟ್ ರಿನ್ಯೂ ಆಗೋ ಟೈಮು. ಮಾದರಿ ನಿಮ್ಮಿಂದ ಹಾಳಾಯ್ತು ಅಂತ ನೀವೇ ಬರೆದ್ರೆ, ಕಮಿಟಿ ಮುಂದೆ ನಾನೇನು ಹೇಳ್ಲಿ? ಒಬ್ಬ ಆಪರೇಟರ್‌ಗೋಸ್ಕರ. ಅವರಿಗೆ ಬೇರೆ ಕಡೆ ಕೆಲಸ ಸಿಗುತ್ತೆ ಬಿಡಿ, ಪೀಣ್ಯದಲ್ಲಿ ಏನು ಬರ."

ಆ "ಬಿಡಿ" ನನ್ನನ್ನು ಸುಟ್ಟಿತು. ಎರಡನೆಯ ಚೂರು ಓರೆಯಾಗಿ ಬಂದು ಇನ್ನೂ ಅವರ ಮೇಜಿನ ಮೇಲೇ ಇತ್ತು. ಆ ಕೈ ಬಿಟ್ಟರೆ ಬೇರೆ ಕೈ ಇಲ್ಲವೆಂದು ಅದಕ್ಕಿಂತ ಸ್ಪಷ್ಟವಾಗಿ ಯಾವ ಕಾಗದ ಹೇಳೀತು? ಭೂಮಿಯ ಆಳದ ಬಗ್ಗೆ ಮಾತಾಡುವ ನಮ್ಮ ದೊಡ್ಡಸ್ತಿಕೆಯೆಲ್ಲ ಒಂದು ತುದಿ ಇನ್ನೊಂದು ತುದಿಗೆ ಸಮಾನಾಂತರ ಇದೆಯೇ ಎಂಬುದರ ಮೇಲೆ ನಿಂತಿದೆ. ಅದನ್ನು ಮಾಡಿಕೊಡುವವರ ಹೆಸರು ನಮ್ಮ ಯಾವ ಬರಹದಲ್ಲೂ ಇರುವುದಿಲ್ಲ, ತಪ್ಪಿನ ಪಟ್ಟಿಯಲ್ಲಿ ಮಾತ್ರ ಬರುತ್ತದೆ. ನನಗೆ ಮುಖ್ಯಸ್ಥರ ಮೇಲೆ ಹೇಸಿಗೆಯಾಯಿತು. "ಘೋರ" ಎಂದು ಸಲಹೆ ಕೊಟ್ಟ ನನ್ನ ಮೇಲೆ ಅದಕ್ಕಿಂತ ಹೆಚ್ಚು.

ಅವತ್ತು ಮಧ್ಯಾಹ್ನವೇ ಎರಡು ಕೆಲಸ ಮಾಡಿದೆ. ಮಾದರಿಗಳ ರಿಜಿಸ್ಟರಿನಲ್ಲಿ ಮೊದಲನೆಯ ಚೂರಿನ ಎದುರಿಗೆ ಆದದ್ದನ್ನೆಲ್ಲ ಬರೆದು ಸಹಿ ಹಾಕಿದೆ. ಆ ರಿಜಿಸ್ಟರಿನಲ್ಲಿ ಬರೆದದ್ದನ್ನು ಹರಿಯಲು, ತಿದ್ದಲು ಯಾರಿಗೂ ಅಧಿಕಾರವಿಲ್ಲ, ಮುಖ್ಯಸ್ಥರಿಗೂ. ಆಮೇಲೆ ಪೀಣ್ಯದ ಮಾಲೀಕರಿಗೆ ಒಂದು ಪತ್ರ ಬರೆದೆ. ಅದರ ಒಂದು ಪ್ರತಿಯನ್ನು ಮುಖ್ಯಸ್ಥರ ಮೇಜಿನ ಮೇಲಿಟ್ಟೆ. ಅವರು ಕಣ್ಣಾಡಿಸಿ, "ನಿಮ್ಮಿಷ್ಟ. ನನ್ನ ಹತ್ರ ಮಾತ್ರ ಬರ್ಬೇಡಿ ಆಮೇಲೆ," ಅಂದರು.

ಮರುದಿನ ಪತ್ರವನ್ನೂ ಮೂರನೆಯ ಚೂರನ್ನೂ ತೆಗೆದುಕೊಂಡು ಮತ್ತೆ ಪೀಣ್ಯಕ್ಕೆ ಹೋದೆ. ಅಕ್ಕ ಅದೇ ಸ್ಟೂಲಿನ ಮೇಲಿದ್ದರು. ಮೊದಲು ಚೂರಿನ ಡಬ್ಬಿ ತೆರೆದು ತೋರಿಸಿದೆ. ಇದರಲ್ಲಿ ಅಲ್ಯೂಮಿನಿಯಂ ಇದೆ, ಕಬ್ಬಿಣ ಇದೆ, ನೀರು ಇದೆ ಎಂದು ಹೇಳಿದೆ. ಕಾಯಿಸಿದರೆ ನೀರು ಹೋಗುತ್ತದೆ, ನಮಗೆ ಬೇಕಾಗಿರುವುದು ಆ ನೀರೇ ಅಂದೆ.

ಅವರು ಚಿಮುಟದಲ್ಲಿ ಚೂರನ್ನು ಎತ್ತಿ ಬೆಳಕಿಗೆ ಹಿಡಿದರು. "ಇದರಾಗ ನೀರೈತಿ ಅಂತ ಮೊದಲ ಹೇಳಿದ್ರ ನಾ ಒಲಿ ಹತ್ರಾನೂ ಒಯ್ತಿದ್ದಿಲ್ಲ," ಅಂದು ವಾಪಸು ಇಟ್ಟರು. "ಕಾಗದ ತಂದೀರೇನು?"

ಪತ್ರ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದರು. ನಾನು ಬರೆದದ್ದು ಹೀಗಿತ್ತು: "ತಪ್ಪು ತಿಳುವಳಿಕೆಯಿಂದಾಗಿ ಸದರಿ ಮಾದರಿಯನ್ನು ಸುಡಲಾಯಿತು. ಇದರಲ್ಲಿ ಲ್ಯಾಪಿಂಗ್ ಆಪರೇಟರ್ ಅವರ ನಿರ್ಲಕ್ಷ್ಯ ಇರುವುದಿಲ್ಲ. ಅವರನ್ನು ಮೊದಲಿನ ಕೆಲಸದಲ್ಲೇ ಮುಂದುವರಿಸಬೇಕಾಗಿ ಕೋರಿಕೆ." ಇಡೀ ಒಂದು ಮಧ್ಯಾಹ್ನ ತಿದ್ದಿ ತಿದ್ದಿ ಬರೆದ ಮೂರು ಸಾಲು. ನನಗೆ ಅದರ ಬಗ್ಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಅವರು ಓದಿ ಮುಗಿಸಿ, ಬೆರಳನ್ನು ಮತ್ತೆ ಮೊದಲ ಸಾಲಿಗೆ ತಂದರು.

"ತಪ್ಪು ತಿಳುವಳಿಕಿ ಅಂತ ಬರದೀರಿ. ಯಾರದು?"

"ಅಂದ್ರೆ... ಇಬ್ಬರ ನಡುವೆ ಆಯ್ತಲ್ಲ, ಅದು."

"ನಡುವ ಏನೂ ಆಗಿಲ್ರಿ. ನಾ ಸರಿ ತಿಳಕೊಂಡೀನಿ. ಹಸಿ ಮಾಲು ಅಂದ್ರಿ, ಹಸಿ ಮಾಲು ಅಂತ ತಿಳಕೊಂಡೆ. ನನ್ನ ತಿಳುವಳಿಕ್ಯಾಗ ಏನು ತಪ್ಪೈತಿ?" ಬೆರಳು ಮುಂದೆ ಸರಿಯಿತು. "ಸುಡಲಾಯಿತು. ಇದು ಯಾರು ಸುಟ್ರು ಅಂತ ಹೇಳೂದಿಲ್ಲಲ್ರಿ. ತಾನ ಸುಟ್ಟಕೊಂತೇನು? ನಾ ಸುಟ್ಟೇನಿ. ನೀವು ಹೇಳೀರಿ ಅಂತ ಸುಟ್ಟೇನಿ. ಅದು ಎಲ್ಲೈತಿ ಇದರಾಗ?"

ಅವರ ದನಿಯಲ್ಲಿ ಸಿಟ್ಟಿತ್ತು. ಅಲ್ಲಿಯವರೆಗೂ ತಡೆದುಕೊಂಡಿದ್ದದ್ದು ಈಗ ನನ್ನ ಎರಡು ಪದಗಳ ಮೇಲೆ ಬಿತ್ತು. ಮುಖ್ಯಸ್ಥರು "ವೆಂಡರ್ ಎರರ್" ಅಂದಾಗ ಕೆಂಡಾಮಂಡಲವಾಗಿದ್ದ ನಾನು, ಅದನ್ನೇ ಸ್ವಲ್ಪ ಒಳ್ಳೆಯ ಬಟ್ಟೆ ಹಾಕಿ ತಂದಿದ್ದೆ.

ಪತ್ರವನ್ನು ತೆಗೆದುಕೊಂಡು, ರಟ್ಟಿನ ಪೆಟ್ಟಿಗೆಯ ಮೇಲಿಟ್ಟು ಮೂರೂ ಸಾಲುಗಳನ್ನು ಹೊಡೆದುಹಾಕಿದೆ. ಕೆಳಗೆ ಬರೆದೆ: "ಹಸಿ ಮಾಲು ಕಳಿಸಬೇಡಿ ಎಂದು ನಾನು ಹೇಳಿದೆ. ಅವರು ನಾನು ಹೇಳಿದಂತೆ ಮಾಡಿದರು, ಮಾಡಿದ್ದನ್ನು ಬರೆದೂ ಕಳಿಸಿದರು. ನಾನು ಓದಲಿಲ್ಲ. ತಪ್ಪು ನನ್ನದು. ಅವರನ್ನು ಮೆಷಿನ್ನಿಗೆ ವಾಪಸು ಕಳಿಸಿ." ಕೆಳಗೆ ಸಹಿ ಹಾಕಿ, ಹೊಡೆದುಹಾಕಿದ ಸಾಲುಗಳ ಪಕ್ಕದಲ್ಲೂ ಸಹಿ ಹಾಕಿದೆ.

ಅಕ್ಕ ಕಾಗದ ಇಸಿದುಕೊಂಡು, ಮತ್ತೆ ಬೆರಳಿಟ್ಟು, ಮೊದಲಿನಿಂದ ಕೊನೆಯವರೆಗೆ ಓದಿದರು.

"ಈಗ ಕನ್ನಡ ಆತು ನೋಡ್ರಿ," ಅಂದು, ಕನ್ನಡಕ ತೆಗೆದು, ಮಾಲೀಕರ ಕೋಣೆಯ ಕಡೆಗೆ ನಡೆದರು.